ಬಾಣದ ಗುರುತು ಹೇಳದೇ ಇರುವುದು

ಪಾವತಿ ವ್ಯವಸ್ಥೆಯೊಂದಕ್ಕೆ ರೀಟ್ರೈ ಸೇರಿಸುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಉತ್ತರ ಬರದಿದ್ದರೆ ಮತ್ತೆ ಕಳಿಸುವುದು, ಅಷ್ಟೇ ಅಲ್ವಾ? ಅರ್ಧ ದಿನ ಸಾಕು ಅಂದುಕೊಂಡೆ. ಬೋರ್ಡ್ ಮೇಲೆ ನಮ್ಮ ವ್ಯವಸ್ಥೆಗೊಂದು, ಹಣ ಕಡಿತ ಮಾಡುವ ಕಡೆಗೊಂದು ಎಂದು ಎರಡು ಡಬ್ಬಿ ಬರೆದು, ನಡುವೆ ಒಂದು ಬಾಣ ಎಳೆದೆ. ಎಲ್ಲ ಸರಿಯಾಗಿಯೇ ಕಂಡಿತು.

ಆಮೇಲೆ ಡಿಸೈನ್ ಡಾಕ್ಯುಮೆಂಟ್, ಅಂದರೆ ಕೋಡ್ ಬರೆಯುವ ಮೊದಲು ಏನು, ಹೇಗೆ, ಯಾಕೆ ಎಂದು ವಿವರಿಸುವ ಬರಹ, ಬರೆಯಲು ಕೂತೆ. 'ಟೈಮ್‌ಔಟ್ ಆದರೆ ಮತ್ತೆ ಕಳಿಸುತ್ತೇವೆ' ಎಂದು ಬರೆದ ಕೂಡಲೇ ಕೈ ನಿಂತಿತು. ಟೈಮ್‌ಔಟ್ ಆಯಿತೆಂದರೆ ಕಾಯುವ ಹೊತ್ತಿನೊಳಗೆ ಉತ್ತರ ಬರಲಿಲ್ಲ ಅಂತ ಅಷ್ಟೇ, ಹಣ ಹೋಗಿಲ್ಲ ಅಂತಲ್ಲ. ಆ ಕಡೆ ಹಣ ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲೇ ಕಳೆದಿರಬಹುದು. ಮತ್ತೆ ಕಳಿಸಿದರೆ ಗ್ರಾಹಕರ ಹಣ ಎರಡು ಸಲ ಹೋಗುತ್ತದೆ. ಇದನ್ನು ಬಾಣ ಹೇಳಿರಲಿಲ್ಲ. ವಾಕ್ಯ ಹೇಳಿತು.

ಪರಿಹಾರ ಗೊತ್ತಿರುವಂಥದ್ದೇ: ಪ್ರತಿ ಪಾವತಿಗೂ ಒಂದು ಐಡೆಂಪೊಟೆನ್ಸಿ ಕೀ, ಅಂದರೆ ಆ ಪಾವತಿಗಷ್ಟೇ ಸೇರಿದ ಒಂದು ಗುರುತು. ಅದೇ ಕೀ ಮತ್ತೆ ಬಂದರೆ ಹಳೆಯ ಉತ್ತರವನ್ನೇ ವಾಪಸ್ ಕೊಡುವುದು. ಆದರೆ ಕೀ ಹುಟ್ಟಿಸುವುದು ಯಾರು? ಎಷ್ಟು ದಿನ ಉಳಿಸಬೇಕು? ಅದೇ ಕೀ, ಬೇರೆ ಮೊತ್ತ ಬಂದರೆ? ಮೊದಲನೆಯದು ಮುಗಿಯುವ ಮೊದಲೇ ಎರಡನೆಯದು ಬಂದರೆ? ಡಾಕ್ಯುಮೆಂಟಿನಲ್ಲಿ ಇವೆಲ್ಲ ಒಂದೊಂದು ಸಾಲಿನ ತಿದ್ದುಪಡಿ. ಕೋಡ್ ಲೈವ್ ಹೋದ ಮೇಲಾದರೆ ಡೇಟಾಬೇಸ್ ಟೇಬಲ್, ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ), ಅದನ್ನು ನಂಬಿಕೊಂಡ ಬೇರೆ ತಂಡಗಳ ಕೋಡ್ ಎಲ್ಲವನ್ನೂ ಮುಟ್ಟಬೇಕು.

ಎಲ್ಲದಕ್ಕೂ ಡಾಕ್ಯುಮೆಂಟ್ ಬೇಡ. ಸಣ್ಣ ಬಗ್‌ಗೆ ಸುಮ್ನೆ ಕೋಡ್ ಬರೆಯಿರಿ. ಹಿಂದಕ್ಕೆ ತೆಗೆದುಕೊಳ್ಳಲು ಕಷ್ಟವಾದ ನಿರ್ಧಾರ ಇದ್ದರೆ ಮಾತ್ರ ಬರೆಯಬೇಕು ಎಂಬುದು ನನ್ನ ಲೆಕ್ಕ. ಕ್ಲಾಸುಗಳ ಹೆಸರು, ಫಂಕ್ಷನ್‌ಗಳ ಪಟ್ಟಿಯೂ ಅಲ್ಲಿ ಬೇಡ. ಅವು ವಾರದೊಳಗೆ ಹಳತಾಗುತ್ತವೆ. ಮತ್ತೆ, ಪೂರ್ತಿ ತಿದ್ದಿ ತೀಡುವವರೆಗೆ ಮುಚ್ಚಿಡಬೇಡಿ. ಇಂಟರ್ನೆಟ್ಟಿನ ತಾಂತ್ರಿಕ ಟಿಪ್ಪಣಿಗಳ ಸರಣಿಯ ಮೊದಲ ಆರ್‌ಎಫ್‌ಸಿ ಹೊರಬಂದದ್ದು 1969ರ ಏಪ್ರಿಲ್‌ನಲ್ಲಿ. ರಿಕ್ವೆಸ್ಟ್ ಫಾರ್ ಕಾಮೆಂಟ್ಸ್ ಎಂಬ ಆ ಹೆಸರಿನ ಅರ್ಥವೇ 'ನಿಮ್ಮ ಅಭಿಪ್ರಾಯ ತಿಳಿಸಿ' ಎಂದು.

ನಾನು ಜಾಸ್ತಿ ಹೊತ್ತು ಕೊಡುವುದು ಕೈಬಿಟ್ಟ ದಾರಿಗಳ ಭಾಗಕ್ಕೆ. ಪೈಥಾನ್ ಭಾಷೆಗೆ ಬದಲಾವಣೆ ಸೂಚಿಸುವ ದಾಖಲೆಗಳಾದ ಪೆಪ್‌ಗಳಲ್ಲಿ ತಿರಸ್ಕರಿಸಿದ ಯೋಚನೆಗಳಿಗೇ ಒಂದು ವಿಭಾಗವಿದೆ. ಆರಿಸಿದ್ದು ಏನೆಂದು ಕೋಡ್ ತೋರಿಸುತ್ತದೆ. ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂಬುದು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಎಷ್ಟೋ ದಿನಗಳ ನಂತರ ಹೊಸ ಸಹೋದ್ಯೋಗಿಯೊಬ್ಬರು ಕೇಳಿದರು: "ಮತ್ತೆ ಕಳಿಸುವ ಮೊದಲು, ಹಿಂದಿನದು ಏನಾಯಿತು ಅಂತ ಆ ಕಡೆಯವರನ್ನೇ ಕೇಳಬಹುದಲ್ವಾ?" ಹಳೆಯ ಡಾಕ್ಯುಮೆಂಟ್ ತೆರೆದೆ. ಆ ದಾರಿಯನ್ನು ಬಿಟ್ಟ ಕಾರಣ ಅಲ್ಲೇ ಇತ್ತು: 'ಸ್ಟೇಟಸ್ ಕೇಳುವ ಎಪಿಐ ಅವರಲ್ಲಿ ಇಲ್ಲ.' ಅಷ್ಟರಲ್ಲಿ ಆ ಕಡೆಯವರು ಅದನ್ನು ತಂದಿದ್ದರು. ಅವತ್ತೇ ಹೊಸ ಡಾಕ್ಯುಮೆಂಟ್ ಶುರು ಮಾಡಿದೆವು.