ಎರಡು ಕೆಜಿ ಉಪ್ಪು ಹಾಕಿದ್ದೆ ಸಾರ್!

ಮೀನಿನ ಚರ್ಮ ಬಿಡಿಸಿ, ಒಳಗೆ ತುಂಬಿ, ಗೋಡೆಗೆ ಹಾಕುವಂತೆ ಮಾಡುವುದು ನನ್ನ ಕೆಲಸ. ಕಳೆದ ತಿಂಗಳು ಶ್ರೀರಂಗಪಟ್ಟಣದ ಕಡೆಯವರೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಮೀನೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಚೀಲ ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಯಿತು. ಆರು ಕೆಜಿಯ ಕಾಟ್ಲಾ. ಗಾಳ ಹಾಕಿ ತಾವೇ ಹಿಡಿದದ್ದು. ಮನೆಯಲ್ಲೇ ಚರ್ಮ ಬಿಡಿಸಿ, ಒಳಗೆ ತುಂಬಿ, ಬಣ್ಣ ಬಳಿದು ಗೋಡೆಗೆ ಹಾಕಿದ್ದರು. ನಾಲ್ಕು ತಿಂಗಳಿಗೆ ಕೆನ್ನೆಯ ಹತ್ತಿರ ಹಳದಿ ಜಿಡ್ಡು ಒಸರಿ ಬಣ್ಣ ಎದ್ದಿತ್ತು. ‘ಎರಡು ಕೆಜಿ ಉಪ್ಪು ಹಾಕಿದ್ದೆ ಸಾರ್’ ಎಂದರು.

ಬರುವವರೆಲ್ಲ ಹೇಳುವುದು ಇದನ್ನೇ. ಉಪ್ಪು ಎಳೆಯುವುದು ನೀರನ್ನು, ಎಣ್ಣೆಯನ್ನಲ್ಲ. ಸಂತೆಯ ಒಣಮೀನಿಗೆ ಉಪ್ಪೇನು ಕಡಿಮೆಯೇ? ಆದರೂ ವಾಸನೆ ಬರುತ್ತದೆ ಅಲ್ವಾ? ಕಾಟ್ಲಾ ತಲೆ ಸಾರು ಮಾಡಿದವರಿಗೆ ಮೇಲೆ ತೇಲುವ ಜಿಡ್ಡು ಗೊತ್ತು. ಗೋಡೆಯ ಮೇಲಿನ ತಲೆಯಲ್ಲೂ ಇರುವುದು ಅದೇ ಜಿಡ್ಡು. ಇನ್ನೂ ಎರಡು ಕೆಜಿ ಉಪ್ಪು ಸುರಿದರೂ ಅದು ಅಲ್ಲೇ ಇರುತ್ತದೆ.

ಅದನ್ನು ಕೈಯಿಂದಲೇ ತೆಗೆಯಬೇಕು. ಕೆನ್ನೆಯ ಮಾಂಸ, ಕಣ್ಣಿನ ಹಿಂದಿನದು, ಮಿದುಳು, ಪ್ರತಿ ರೆಕ್ಕೆಯ ಬುಡ. ಹಳೆಯ ಚಮಚವೇ ಸಾಕು. ಆದರೆ ತೆಂಗಿನಕಾಯಿ ತುರಿದ ಹಾಗೆ ತುರಿಯಬೇಡಿ. ಚರ್ಮದ ಒಳಮೈಯ ಬೆಳ್ಳಿ ಪದರ ಹೋದರೆ ಹೊರಗಿನ ಹೊಳಪೂ ಹೋಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ತಣ್ಣೀರಿನಲ್ಲಿ, ಜಾರುವುದು ನಿಲ್ಲುವ ತನಕ ತೊಳೆಯಿರಿ. ಬಿಸಿನೀರು ಬೇಡವೇ ಬೇಡ, ಚರ್ಮ ಸುರುಟಿಕೊಳ್ಳುತ್ತದೆ. ಕೊನೆಗೆ ಬಿಳಿಗಾರ, ಅಂದರೆ ಬೊರಾಕ್ಸ್. ಅದೂ ಹುಳ ತಡೆಯಲಿಕ್ಕೆ, ಎಣ್ಣೆಗಲ್ಲ! ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮೀನಿನ ಸ್ವಂತ ಬಣ್ಣ ಹೇಗೂ ಉಳಿಯುವುದಿಲ್ಲ. ಹಿಡಿದ ಕೂಡಲೇ ಫೋಟೊ ತೆಗೆದಿಡಿ, ಬಳಿಯುವಾಗ ಬೇಕಾಗುತ್ತದೆ.

ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ತುಂಬಿಕೊಡುತ್ತಿದ್ದ ವಾನ್ ಇಂಗನ್ ಮನೆತನದ ಕಾರ್ಖಾನೆ 1999ರಲ್ಲಿ ಮುಚ್ಚಿತು. ಆ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಮೀನು ಹಿಡಿದಿದ್ದರು. ಆ ಕಥೆ ಕೇಳಿದವರು ನನಗೂ ಮಹಶೀರ್ ತರುತ್ತೇನೆ ಎನ್ನುತ್ತಾರೆ. ಕಾವೇರಿಯ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಸುಮ್ನೆ ನೀರಿಗೆ ಬಿಡಿ, ನಾನು ಮುಟ್ಟುವುದಿಲ್ಲ.

ಆ ಕಾಟ್ಲಾವನ್ನು ಸರಿಮಾಡಲು ಸಾಧ್ಯವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಪಟ್ಟ ಶ್ರಮಕ್ಕೆ ತಕ್ಕ ಫಲ ಸಿಗುವುದು ಕಷ್ಟ. ಮುಂದಿನ ಸಲ ಮೀನು ಸಿಕ್ಕರೆ ಹೊಟ್ಟೆ ಕೊಯ್ಯದೆ, ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇಡಿಯಾಗಿ ಫ್ರೀಜರ್‌ನಲ್ಲಿಡಿ ಎಂದೆ. ಅವರ ಮನೆಯ ಫ್ರಿಜ್ಜಿನಲ್ಲಿ ಅಷ್ಟು ದೊಡ್ಡದು ಹಿಡಿಸುವುದಿಲ್ಲವಂತೆ. ಭಾವಮೈದುನನ ಐಸ್‌ಕ್ರೀಂ ಅಂಗಡಿಯಲ್ಲಿ ಜಾಗ ಕೇಳಿ ನೋಡುತ್ತೇನೆ ಎಂದು ಹೊರಟರು.