ಪದ ಪರಿಚಯ: ಪ್ಯೂಪಿಲೇಜ್ ಎಂದರೆ ಸೀಟಲ್ಲ, ಇಂಟರ್ನ್‌ಶಿಪ್ಪೂ ಅಲ್ಲ

‘ಲಂಡನ್ನಿನಲ್ಲಿ ಬ್ಯಾರಿಸ್ಟರ್ ತರಬೇತಿಗೆ ಸೀಟು ಕೊಡಿಸುತ್ತೇವೆ’ ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಇನ್ನೊಂದು ಕಡೆ, ನಮ್ಮವರಲ್ಲಿ ಯಾರಿಗಾದರೂ ಇಂಗ್ಲೆಂಡಿನಲ್ಲಿ ಪ್ಯೂಪಿಲೇಜ್ ಸಿಕ್ಕಿದರೆ ‘ಇಂಟರ್ನ್‌ಶಿಪ್‌ಗೆ ಆಯ್ಕೆ’ ಎಂದು ಬರೆದು ಮುಗಿಸುತ್ತಾರೆ. ಎರಡೂ ತಪ್ಪು. ಎರಡನೆಯದರಿಂದ ದೊಡ್ಡ ಸಾಧನೆಯೊಂದು ಸಣ್ಣದಾಗುತ್ತದೆ, ಅಷ್ಟೆ. ಮೊದಲನೆಯದರಿಂದ ಮನೆಮಂದಿಯ ದುಡ್ಡು ಹೋಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬ್ಯಾರಿಸ್ಟರ್ ವೃತ್ತಿಗೆ ಮೂರು ಹಂತಗಳಿವೆ: ಕಾನೂನು ಪದವಿ ಅಥವಾ ಅದಕ್ಕೆ ಸಮನಾದ ಓದು, ಆಮೇಲೆ ಬಾರ್ ಕೋರ್ಸ್ ಎಂಬ ವೃತ್ತಿಶಿಕ್ಷಣ, ಕೊನೆಗೆ ಪ್ಯೂಪಿಲೇಜ್, ಅಂದರೆ ಅನುಭವಿ ಬ್ಯಾರಿಸ್ಟರ್ ಒಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತ ಪಡೆಯುವ ತರಬೇತಿ. ಮೊದಲ ಎರಡಕ್ಕೆ ಶುಲ್ಕ ಕಟ್ಟಿದರೆ ಪ್ರವೇಶ ಸಿಗಬಹುದು. ಮೂರನೆಯದಕ್ಕೆ ಯಾರೂ ಶುಲ್ಕ ಕಟ್ಟುವುದಿಲ್ಲ. ಅಲ್ಲಿ ತರಬೇತಿ ಪಡೆಯುವವರಿಗೇ ಹಣ ಕೊಡಬೇಕು. 2003ರಿಂದ ಅದು ನಿಯಮ. ಹಾಗಾಗಿ ಪ್ಯೂಪಿಲೇಜ್ ಕೊಡಿಸುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ, ಆ ಮಾತನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಬರುವುದು ಒಳ್ಳೆಯದು.

ಪದದ ಬೇರು ಲ್ಯಾಟಿನ್ನಿನ ‘ಪ್ಯುಪಿಲ್ಲಸ್’. ತಂದೆಯನ್ನು ಕಳೆದುಕೊಂಡು ಪಾಲಕನ ಅಧೀನದಲ್ಲಿರುವ ಅಪ್ರಾಪ್ತ ವಯಸ್ಸಿನ ಮಗು ಎಂದು ಅದರ ಅರ್ಥ. ರೋಮನ್ ಕಾನೂನಿನಲ್ಲಿ ಆ ಮಗುವಿಗೆ ಆಸ್ತಿ ಇರಬಹುದಿತ್ತು, ಆದರೆ ಅದರ ವ್ಯವಹಾರವನ್ನು ಸ್ವಂತವಾಗಿ ಮಾಡುವ ಅಧಿಕಾರ ಇರಲಿಲ್ಲ. ಸ್ಕಾಟ್ಲೆಂಡಿನ ಕಾನೂನಿನಲ್ಲಿಯೂ ಹನ್ನೆರಡು ತುಂಬದ ಹುಡುಗಿಯನ್ನು, ಹದಿನಾಲ್ಕು ತುಂಬದ ಹುಡುಗನನ್ನು ‘ಪ್ಯೂಪಿಲ್’ ಎಂದೇ ಕರೆಯುತ್ತಿದ್ದರು. ಶಾಲೆಯ ವಿದ್ಯಾರ್ಥಿ ಎಂಬ ಅರ್ಥ ಆಮೇಲೆ ಬೆಳೆದದ್ದು. ಬ್ಯಾರಿಸ್ಟರರ ಲೋಕದಲ್ಲಿ ಹಳೆಯ ಅರ್ಥದ ಛಾಯೆ ಇನ್ನೂ ಉಳಿದಿದೆ: ಹಕ್ಕು ಹೆಸರಿಗೆ ಬಂದಿದೆ, ಚಲಾಯಿಸಲು ಒಬ್ಬರ ಮೇಲ್ವಿಚಾರಣೆ ಬೇಕು. ಬಾರ್ ಕೋರ್ಸ್ ಮುಗಿಸಿದವರನ್ನು ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್ ಎಂಬ, ಬ್ಯಾರಿಸ್ಟರುಗಳ ಹಳೆಯ ಸಂಘಗಳಾದ ನಾಲ್ಕು ಇನ್‌ಗಳಲ್ಲಿ ಅವರು ಸದಸ್ಯರಾದ ಒಂದು ‘ಬಾರ್‌ಗೆ ಕರೆಯುತ್ತದೆ’. ಅಂದಿಗೆ ಅವರು ಬ್ಯಾರಿಸ್ಟರ್ ಆದರು. ಆದರೆ ಪ್ಯೂಪಿಲೇಜ್ ಮಾಡದೆ ಹೋದರೆ ಬ್ಯಾರಿಸ್ಟರ್ ಎಂದು ಹೇಳಿಕೊಂಡು ಕಕ್ಷಿದಾರರಿಗೆ ಕಾನೂನು ಸೇವೆ ಕೊಡುವಂತಿಲ್ಲ. ಬಿರುದು ಹಿಡಿದು ಊರಿಗೆ ಮರಳಿದವರನ್ನೆಲ್ಲ ಅಲ್ಲಿ ವೃತ್ತಿ ನಡೆಸಲು ಅರ್ಹರೆಂದು ತಿಳಿಯುವ ನಮ್ಮ ಅಭ್ಯಾಸ ಇಲ್ಲಿಯೇ ಎಡವುತ್ತದೆ.

ಈ ಅಭ್ಯಾಸ ಹುಟ್ಟಿದ್ದಕ್ಕೆ ಕಾರಣವೂ ಇದೆ. ನಾವು ಹೆಸರು ಕೇಳಿ ಬೆಳೆದ ಬ್ಯಾರಿಸ್ಟರುಗಳ ಕಾಲದಲ್ಲಿ ಪ್ಯೂಪಿಲೇಜ್ ಕಡ್ಡಾಯವಾಗಿರಲಿಲ್ಲ, ಕಡ್ಡಾಯವಾದದ್ದು 1959ರಲ್ಲಿ. ಇನ್ನರ್ ಟೆಂಪಲ್‌ನ ಗಾಂಧೀಜಿಯವರನ್ನು 1891ರ ಜೂನ್ 10ರಂದು ಬಾರ್‌ಗೆ ಕರೆಯಲಾಯಿತು, 12ರಂದು ಅವರು ಹಡಗು ಹತ್ತಿದರು. ಪರೀಕ್ಷೆ ಪಾಸು ಮಾಡಿದ್ದರು, ಇನ್‌ನ ಊಟಗಳಿಗೆ ಹಾಜರಾಗಿ ಕಡ್ಡಾಯವಾಗಿದ್ದ ‘ಟರ್ಮ್’ ಅವಧಿಗಳನ್ನು ಪೂರೈಸಿದ್ದರು. ನ್ಯಾಯಾಲಯದಲ್ಲಿ ಎದ್ದುನಿಂತು ಸಾಕ್ಷಿಯನ್ನು ಪ್ರಶ್ನಿಸುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಬೊಂಬಾಯಿಯ ಸ್ಮಾಲ್ ಕಾಸಸ್ ನ್ಯಾಯಾಲಯದಲ್ಲಿ ಮಮೀಬಾಯಿ ಎಂಬವರ ಪ್ರಕರಣದಲ್ಲಿ ಪಾಟೀಸವಾಲಿಗೆ ಎದ್ದ ಅವರಿಗೆ ಬಾಯಿಂದ ಮಾತೇ ಹೊರಡಲಿಲ್ಲ. ಕುಳಿತುಬಿಟ್ಟರು, ಪಡೆದ ಮೂವತ್ತು ರೂಪಾಯಿ ಹಿಂದಿರುಗಿಸಿ ಕೇಸನ್ನು ಬೇರೆಯವರಿಗೆ ಒಪ್ಪಿಸುವಂತೆ ಹೇಳಿದರು. ಆತ್ಮಕಥೆಯಲ್ಲಿ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪ್ಯೂಪಿಲೇಜ್ ಯಾವ ಕೊರತೆಯನ್ನು ತುಂಬುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಅದು ಸಾಮಾನ್ಯವಾಗಿ ಹನ್ನೆರಡು ತಿಂಗಳು, ಎರಡು ಭಾಗ. ಆಡುಮಾತಿನಲ್ಲಿ ‘ಫಸ್ಟ್ ಸಿಕ್ಸ್’, ‘ಸೆಕೆಂಡ್ ಸಿಕ್ಸ್’. ಮೊದಲ ಆರು ತಿಂಗಳು ಮೇಲ್ವಿಚಾರಕರ ಕೇಸುಗಳ ಕಡತ ಓದುವುದು, ಅಭಿಪ್ರಾಯಪತ್ರದ ಕರಡು ಬರೆಯುವುದು, ನ್ಯಾಯಾಲಯದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನಡೆದುದನ್ನೆಲ್ಲ ಟಿಪ್ಪಣಿ ಮಾಡುವುದು. ಸ್ವಂತ ವೃತ್ತಿ ನಡೆಸುವಂತಿಲ್ಲ. ಎರಡನೆಯ ಆರು ತಿಂಗಳಲ್ಲಿ ಸ್ವಂತ ಕೇಸು ನಡೆಸಬಹುದು. ಕ್ರಿಮಿನಲ್ ಕೆಲಸದ ಚೇಂಬರ್ಸ್‌ನಲ್ಲಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಓಡಾಟವೇ ದಿನಚರಿ. ಬೆಂಗಳೂರಿನಲ್ಲಿ ಹಿರಿಯ ವಕೀಲರ ಕಚೇರಿಗೆ ಜೂನಿಯರ್ ಆಗಿ ಸೇರುವುದಕ್ಕೆ ಇದನ್ನು ಹೋಲಿಸುವವರಿದ್ದಾರೆ. ಕಲಿಯುವ ಬಗೆಯಲ್ಲಿ ಹೋಲಿಕೆ ಸರಿ. ಆದರೆ ನಮ್ಮ ಜೂನಿಯರ್ ಆಗಲೇ ನೋಂದಾಯಿತ ವಕೀಲ; ಸೇರಿದ ವಾರವೇ ನ್ಯಾಯಾಧೀಶರ ಮುಂದೆ ನಿಂತು ವಾಯಿದೆ ಕೇಳಬಹುದು. 1961ರ ವಕೀಲರ ಕಾಯಿದೆಯ ಬಳಿಕ ಇಲ್ಲಿ ಬ್ಯಾರಿಸ್ಟರ್ ಎಂಬ ಬೇರೆ ವರ್ಗವೇ ಇಲ್ಲ.

ಚೇಂಬರ್ಸ್ ಎಂದರೆ ನ್ಯಾಯಾಧೀಶರ ಕೊಠಡಿಯಲ್ಲ. ಸ್ವತಂತ್ರವಾಗಿ ವೃತ್ತಿ ನಡೆಸುವ ಬ್ಯಾರಿಸ್ಟರುಗಳು ಕಟ್ಟಡ, ಗುಮಾಸ್ತರು, ಖರ್ಚು ಹಂಚಿಕೊಂಡಿರುವ ಗುಂಪು. ಪ್ಯೂಪಿಲೇಜ್ ಬಳಿಕ ಅಲ್ಲಿ ಕಾಯಂ ಜಾಗ ಸಿಕ್ಕರೆ ಅದು ‘ಟೆನೆನ್ಸಿ’. ಮನೆಬಾಡಿಗೆಗೂ ಅದಕ್ಕೂ ಸಂಬಂಧವಿಲ್ಲ. ‘ಮಿನಿ ಪ್ಯೂಪಿಲೇಜ್’ ಎಂಬುದು ಕೆಲವು ದಿನ ಬ್ಯಾರಿಸ್ಟರ್ ಜೊತೆಗಿದ್ದು ಕೆಲಸ ನೋಡುವುದು. ಇಂಟರ್ನ್‌ಶಿಪ್ ಎಂಬ ಪದ ಬಳಸಲೇಬೇಕಿದ್ದರೆ ಇದಕ್ಕೆ ಬಳಸಿ.

ಇನ್ನು ಅರ್ಜಿಗೆ ನೆರವು. ಸ್ಥಾನಗಳಿಗಿಂತ ಆಕಾಂಕ್ಷಿಗಳು ಹಲವು ಪಟ್ಟು ಹೆಚ್ಚು, ಆದ್ದರಿಂದ ನೆರವು ಕೇಳುವುದರಲ್ಲಿ ಸಂಕೋಚ ಬೇಡ. ಅಲ್ಲಿನ ಬ್ಯಾರಿಸ್ಟರುಗಳ ಪ್ರಾತಿನಿಧಿಕ ಸಂಸ್ಥೆಯಾದ ಬಾರ್ ಕೌನ್ಸಿಲ್ ನಡೆಸುವ ‘ಪ್ಯೂಪಿಲೇಜ್ ಗೇಟ್‌ವೇ’ ಎಂಬ ಜಾಲತಾಣದಲ್ಲಿ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಸ್ಥಾನಗಳು ಪ್ರಕಟವಾಗುತ್ತವೆ, ಹೊಸ ವರ್ಷದ ಆರಂಭದಲ್ಲಿ ಅರ್ಜಿ, ಮೇ ತಿಂಗಳಲ್ಲಿ ಆಯ್ಕೆಯಾದವರಿಗೆ ಸ್ಥಾನದ ಆಹ್ವಾನ. ಕೆಲಸ ಶುರುವಾಗುವುದು ಹೆಚ್ಚಾಗಿ ಮರುವರ್ಷದ ಶರತ್ಕಾಲದಲ್ಲಿ. ಮೊದಲು ತಟ್ಟಬೇಕಾದ ಬಾಗಿಲು ನಿಮ್ಮ ಇನ್‌ನದು: ಬಾರ್ ಕೋರ್ಸ್‌ಗೆ ಮುನ್ನವೇ ಸದಸ್ಯರಾಗಿರಬೇಕು, ಅಲ್ಲಿ ಮಾರ್ಗದರ್ಶಕರೂ ಅಣಕು ಸಂದರ್ಶನಗಳೂ ವಿದ್ಯಾರ್ಥಿವೇತನಗಳೂ ಇವೆ. ವಿಶ್ವವಿದ್ಯಾಲಯದ ವೃತ್ತಿ ಮಾರ್ಗದರ್ಶನ ಕೇಂದ್ರ ಎರಡನೆಯದು. ಹಿಂದುಳಿದ ಹಿನ್ನೆಲೆಯಿಂದ ಬಂದವರಿಗೆ ‘ಬ್ರಿಡ್ಜಿಂಗ್ ದ ಬಾರ್’ ಎಂಬ ಸೇವಾಸಂಸ್ಥೆಯಿದೆ. ಇವರಲ್ಲಿ ಯಾರೂ ನಿಮ್ಮ ಪರವಾಗಿ ಅರ್ಜಿ ಬರೆದುಕೊಡುವುದಿಲ್ಲ, ಬರೆಯಲೂಬಾರದು. ಬರೆದದ್ದನ್ನು ಓದಿ ‘ಇದರಿಂದ ಏನು ಗೊತ್ತಾಯಿತು?’ ಎಂದು ಕೇಳುವವರೇ ನಿಜವಾದ ನೆರವು.

‘ಬ್ಯಾರಿಸ್ಟರ್ ಏಕೆ ಆಗಬೇಕು?’ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ‘ಚಿಕ್ಕಂದಿನಿಂದ ನ್ಯಾಯದ ಬಗ್ಗೆ ಒಲವು’ ಎಂದು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ‘ಫ್ರೀ ರೆಪ್ರೆಸೆಂಟೇಷನ್ ಯೂನಿಟ್‌ನ ಸ್ವಯಂಸೇವಕಳಾಗಿ ಉದ್ಯೋಗ ನ್ಯಾಯಮಂಡಳಿಯಲ್ಲಿ ಕೆಲಸ ಕಳೆದುಕೊಂಡವರೊಬ್ಬರ ಪರ ವಾದಿಸಿದೆ, ಮಾಲೀಕರ ಪತ್ರದ ದಿನಾಂಕ ಹೊಂದುತ್ತಿಲ್ಲವೆಂದು ಗಮನಿಸಿ ಪ್ರಶ್ನೆಗಳ ಕ್ರಮ ಬದಲಿಸಿದೆ’ ಎಂದರೆ ಸಿಗುತ್ತದೆ. ಕರ್ನಾಟಕದಲ್ಲಿ ಓದಿದವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಕಾನೂನು ನೆರವು ಶಿಬಿರದಲ್ಲಿ ದುಡಿದೆ ಎಂದಷ್ಟೇ ಬರೆದರೆ ಲಂಡನ್ನಿನ ಓದುಗರಿಗೆ ಚಿತ್ರ ಮೂಡುವುದಿಲ್ಲ. ಯಾರು ಬಂದರು, ಯಾವ ದಾಖಲೆ ಇತ್ತು, ನೀವು ಬರೆದದ್ದೇನು, ಅದು ಯಾರ ಮುಂದೆ ಹೋಯಿತು ಎಂದು ಹೇಳಬೇಕು.

ಇಲ್ಲಿ ಆಗಲೇ ವಕೀಲರಾಗಿರುವವರು ಗೇಟ್‌ವೇಗೆ ಹೋಗುವ ಮೊದಲು ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್‌ಗೆ ಬರೆಯಲಿ. ವೃತ್ತಿಯನ್ನು ನಿಯಂತ್ರಿಸುವ ಸಂಸ್ಥೆ ಅದೇ. ಬೇರೆ ದೇಶದ ವಕೀಲರಿಗೆ ತರಬೇತಿಯ ಯಾವ ಭಾಗದಿಂದ ವಿನಾಯಿತಿ ಕೊಡಬೇಕು, ಯಾವ ಪರೀಕ್ಷೆ ಬರೆಸಬೇಕು ಎಂಬುದನ್ನು ಅನುಭವ ನೋಡಿ ತೀರ್ಮಾನಿಸುವುದೂ ಅದೇ.