ಕಪ್ಪು ಬಟ್ಟೆಗಿಂತ ಅಂಟಿನ ಲೆಕ್ಕ ದೊಡ್ಡದು

ಶಿಡ್ಲಘಟ್ಟದ ಮಾರುಕಟ್ಟೆಗೆ ಹರಾಜಿಗೆ ಬರುವ ರೇಷ್ಮೆ ಗೂಡೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಅಮುಕಿ ನೋಡಿ. ಗೋಡೆ ಇರುವುದು ರಟ್ಟಿನಷ್ಟೂ ದಪ್ಪವಿಲ್ಲ, ಆದರೂ ಸುಲಭವಾಗಿ ತಗ್ಗುವುದಿಲ್ಲ. ಅದರಲ್ಲಿರುವುದು ಮುಖ್ಯವಾಗಿ ಎರಡೇ ಪದಾರ್ಥ: ಫೈಬ್ರಾಯಿನ್ ಎಂಬ ಪ್ರೋಟೀನಿನ ಎಳೆ ಮತ್ತು ಆ ಎಳೆಯ ಸುತ್ತುಗಳನ್ನು ಒಂದಕ್ಕೊಂದು ಹಿಡಿದಿಡುವ ಸೆರಿಸಿನ್ ಎಂಬ ಗೋಂದು. ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಎಳೆ, ಕಾಲು ಪಾಲು ಗೋಂದು. ರೀಲರುಗಳು ಗೂಡನ್ನು ಬಿಸಿನೀರಿಗೆ ಹಾಕುವುದು ಈ ಗೋಂದನ್ನು ಸಡಿಲಿಸುವುದಕ್ಕೆ. ಸಡಿಲವಾಯಿತೆಂದರೆ ಅಷ್ಟು ಬಿರುಸಾಗಿದ್ದ ಗೂಡು ಮತ್ತೆ ಬರೀ ನೂಲು. ಬಲ ಎಳೆಯದು, ಆಕಾರವನ್ನು ಕಾಯುವುದು ಗೋಂದು. ಹೀಗೆ ಎಳೆಯೂ ಅಂಟೂ ಕೆಲಸ ಹಂಚಿಕೊಂಡು ಒಂದಾಗಿರುವ ವಸ್ತುಗಳೇ ಕಾಂಪೋಸಿಟ್‌ಗಳು. ಮನೆ ಮೇಲಿನ ಫೈಬರ್ ಶೀಟು, ಡ್ರೋನಿನ ಕಪ್ಪು ಚೌಕಟ್ಟು, ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟ ಹತ್ತುವವರ ದುಬಾರಿ ಸೈಕಲ್ಲು ಎಲ್ಲವೂ ಒಂದೇ ಕುಲ.

ಬಡಗಿ ತೇಗದ ಹಲಗೆ ಕೊಂಡಾಗ ಅದರ ಬಲಾಬಲ ಮರದಲ್ಲೇ ತೀರ್ಮಾನವಾಗಿರುತ್ತದೆ. ಉಕ್ಕಿನ ಪಟ್ಟಿಯ ಗುಣ ಕಾರ್ಖಾನೆಯಲ್ಲೇ ಗೊತ್ತಾಗಿಬಿಟ್ಟಿರುತ್ತದೆ. ಕಾಂಪೋಸಿಟ್‌ನಲ್ಲಿ ಹಾಗಿಲ್ಲ. ಅಂಗಡಿಯಿಂದ ಬರುವುದು ಸುರುಳಿ ಸುತ್ತಿದ ಬಟ್ಟೆ ಮತ್ತು ಎರಡು ಡಬ್ಬಿ ದ್ರವ. ವಸ್ತು ಹುಟ್ಟುವುದೂ ಅದಕ್ಕೆ ರೂಪ ಬರುವುದೂ ನಮ್ಮ ಮೇಜಿನ ಮೇಲೆ ಒಟ್ಟಿಗೇ. ಹೀಗಾಗಿ ಕೆಲಸಗಾರನ ಕೈ ಹೇಗೋ ವಸ್ತುವೂ ಹಾಗೆ. ಹವ್ಯಾಸಿಗಳು ಇಂಗಾಲದ ಎಳೆಯಿಂದ ನೇಯ್ದ ಕಪ್ಪು ಕಾರ್ಬನ್ ಬಟ್ಟೆಗೆ ಧಾರಾಳವಾಗಿ ದುಡ್ಡು ಸುರಿದು, ಅಂಟನ್ನು ಕಣ್ಣಂದಾಜಿನಲ್ಲಿ ಬೆರೆಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾರ್ಬನ್ ಎಳೆಯ ಹಿರಿಮೆ ಸುಳ್ಳೇನಲ್ಲ. ಎಡಿಸನ್ 1880ರ ಆಸುಪಾಸಿನಲ್ಲಿ ಹತ್ತಿ ದಾರ, ಬಿದಿರಿನ ಸೀಳುಗಳನ್ನು ಇಂಗಾಲವಾಗಿಸಿ ಬಲ್ಬಿನ ತಂತು ಮಾಡಿದ್ದರು. ಅದು ಬೆಳಕಿಗೆ ಸಾಕಾಗಿತ್ತು, ಬಲಕ್ಕಲ್ಲ. ಬಲಶಾಲಿ ಎಳೆಯ ಕಥೆ 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಅವರ ಪ್ರಯೋಗಗಳಿಂದ ಶುರುವಾಗುತ್ತದೆ. ಆಮೇಲೆ ಜಪಾನಿನ ಅಕಿಯೊ ಶಿಂಡೊ ಅವರು ಪಾಲಿಅಕ್ರಿಲೋನೈಟ್ರೈಲ್ ನೂಲಿನಿಂದ ಅದನ್ನು ಮಾಡುವ ದಾರಿ ತೋರಿಸಿದರು. ಸ್ವೆಟರಿನ ಅಕ್ರಿಲಿಕ್ ಉಣ್ಣೆಗೆ ಈ ನೂಲು ಹತ್ತಿರದ ನೆಂಟ. ಅದನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿಗೆ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿ ದಾಟಿಸಿ ಕಾಯಿಸಿದರೆ ಉಳಿಯುವುದು ಬಹುಪಾಲು ಇಂಗಾಲ. ದಪ್ಪ 5ರಿಂದ 7 ಮೈಕ್ರಾನ್. ‘3ಕೆ’ ಎಂದು ಮಾರುವ ಬಟ್ಟೆಯ ಒಂದೊಂದು ನೂಲಿನಲ್ಲೂ ಇಂಥ 3,000 ಎಳೆಗಳು. ಸಾಮಾನ್ಯ ದರ್ಜೆಯ ಎಳೆಯ ಪೆಡಸುತನ, ಅಂದರೆ ಹಿಗ್ಗದೆ ಬಾಗದೆ ನಿಲ್ಲುವ ಗುಣ, ಸುಮಾರು 230 ಗಿಗಾಪ್ಯಾಸ್ಕಲ್, ಉಕ್ಕಿನದು 200. ತೂಕವೋ ಉಕ್ಕಿನ ಕಾಲು ಭಾಗಕ್ಕಿಂತ ಕಡಿಮೆ.

ಜಾಹೀರಾತುಗಳು ಇಲ್ಲಿಗೆ ನಿಲ್ಲುತ್ತವೆ. ಆ 230 ಬರಿಯ ಎಳೆಯ ಅಂಕಿ, ಅದೂ ಎಳೆಯ ಉದ್ದಕ್ಕೆ ಎಳೆದಾಗ. ನೇಯ್ದ ಬಟ್ಟೆಯಲ್ಲಿ ಅರ್ಧ ಎಳೆ ಹಾಸು, ಅರ್ಧ ಹೊಕ್ಕು. ಅದಕ್ಕೆ ರೆಸಿನ್ನಿನ, ಅಂದರೆ ಗಟ್ಟಿಯಾಗುವ ಅಂಟುದ್ರವದ, ಪಾಲೂ ಸೇರಿದ ಮೇಲೆ, ಕೈಯಲ್ಲಿ ಮಾಡಿದ ಹಲಗೆಯ ಪೆಡಸುತನ ಅಲ್ಯುಮಿನಿಯಂನ 70ರ ಹತ್ತಿರಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಅಲ್ಯುಮಿನಿಯಂಗಿಂತ ಹಗುರ ಎನ್ನುವ ಲಾಭ ಉಳಿದೇ ಉಳಿಯುತ್ತದೆ. ಉಳಿದದ್ದೆಲ್ಲ ಎಳೆಯನ್ನು ಯಾವ ದಿಕ್ಕಿಗೆ ಹಾಸುತ್ತೀರಿ ಎಂಬುದರ ಮೇಲೆ. ಗಾಳಿಪಟದ ಕಡ್ಡಿ ಬಾಗುವುದು ಉದ್ದಕ್ಕೆ, ಅದಕ್ಕೆ ಎಳೆಯೂ ಉದ್ದಕ್ಕೇ ಇರಬೇಕು. ತಿರುಚುವ ಬಲ ಬೀಳುವ ಕೊಳವೆಗೆ 45 ಡಿಗ್ರಿ ಓರೆಯಾಗಿ ಸುತ್ತಬೇಕು.

ಮೊದಲ ಸಲ ಕೈ ಹಾಕುವವರಿಗೆ ನನ್ನ ಸಲಹೆ: ಕಾರ್ಬನ್ ಬೇಡ, ಗಾಜಿನ ಬಟ್ಟೆ ತನ್ನಿ. ಅಗ್ಗ ಎಂಬುದು ಒಂದು ಕಾರಣ, ಕಣ್ಣಿಗೆ ಕಾಣುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಒಣ ಗಾಜಿನ ಬಟ್ಟೆ ಬೆಳ್ಳಗಿರುತ್ತದೆ. ರೆಸಿನ್ ಹಚ್ಚಿ ಬ್ರಷ್‌ನ ತುದಿಯಿಂದ ಕುಟ್ಟುತ್ತಾ ಹೋದರೆ ಬಿಳುಪು ಮೆಲ್ಲಗೆ ಕರಗಿ, ಕೆಳಗಿರುವ ಅಚ್ಚಿನ ಬಣ್ಣ ಕಾಣತೊಡಗುತ್ತದೆ. ಗಾಜು ಮತ್ತು ರೆಸಿನ್ ಬೆಳಕನ್ನು ಬಾಗಿಸುವ ಪ್ರಮಾಣ ಬಹುತೇಕ ಒಂದೇ ಆದ್ದರಿಂದ ಎಳೆ ಕಣ್ಮರೆಯಾಗುತ್ತದೆ. ಎಲ್ಲಿ ಬಿಳಿ ಚುಕ್ಕೆ ಉಳಿದಿದೆಯೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಕಾರ್ಬನ್ ಬಟ್ಟೆ ಒಣಗಿದ್ದಾಗಲೂ ಕಪ್ಪು, ನೆನೆದಾಗಲೂ ಕಪ್ಪು. ತನ್ನೊಳಗಿನ ಗುಳ್ಳೆಯನ್ನು ಅದು ಹೇಳುವುದೇ ಇಲ್ಲ.

ಈಗ ಅಂಟಿಗೆ ಬರೋಣ. ಎಪಾಕ್ಸಿ ಎಂಬ ಎರಡು ಡಬ್ಬಿಯ ಅಂಟಿನಲ್ಲಿ ರೆಸಿನ್ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರ್ ಅಣುಗಳು ಕೈಕೈ ಹಿಡಿದು ಜಾಲವಾಗುತ್ತವೆ. ಇಷ್ಟಕ್ಕೆ ಇಷ್ಟೇ ಎಂಬ ಲೆಕ್ಕವಿದೆ, ಡಬ್ಬಿಯ ಮೇಲೇ ಬರೆದಿರುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರನ್ನು ಒಂದು ಕೈ ಮುಂದೆ ಸುರಿದರೆ ಜೊತೆಗಾರರಿಲ್ಲದ ಅಣುಗಳು ಉಳಿದು ಹಲಗೆ ಮೆತ್ತಗಾಗುತ್ತದೆ. ಆದ್ದರಿಂದ ಗ್ರಾಂಗಿಂತ ಸಣ್ಣದನ್ನೂ ತೋರಿಸುವ ತಕ್ಕಡಿ ಮೊದಲು, ಕಾರ್ಬನ್ ಬಟ್ಟೆ ಆಮೇಲೆ. ಫೈಬರ್ ಬಾಗಿಲು, ತೊಟ್ಟಿ ಮಾಡುವವರು ಬಳಸುವ ಪಾಲಿಯೆಸ್ಟರ್ ರೆಸಿನ್ನಿನ ರೀತಿಯೇ ಬೇರೆ. ಅಲ್ಲಿ ಗಟ್ಟಿಯಾಗಿಸುವ ಪೆರಾಕ್ಸೈಡ್ ಮತ್ತು ಕೋಬಾಲ್ಟ್ ಎರಡನ್ನೂ ಚೂರುಚೂರು ಸೇರಿಸುತ್ತಾರೆ. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಪೆರಾಕ್ಸೈಡನ್ನು ಕೊನೆಗೆ ಹಾಕಬೇಕು. ಅವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಇನ್ನೊಂದು ಮಾತು, ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕ್ಷಣದಲ್ಲಿ ಕರಗಿಸುತ್ತದೆ. ಎಪಾಕ್ಸಿ ಅದನ್ನು ಮುಟ್ಟುವುದಿಲ್ಲ.

ಥರ್ಮೋಕೋಲ್ ಏಕೆ ಬೇಕು ಎಂದರೆ, ಹಲಗೆಯ ಪೆಡಸುತನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಬಾಗದಿರುವ ಗುಣ ಎಂಟರಷ್ಟು. ಆ ದಪ್ಪವನ್ನು ದುಬಾರಿ ಬಟ್ಟೆಯಿಂದಲೇ ತುಂಬಬೇಕಿಲ್ಲ. ನಡುವೆ ಥರ್ಮೋಕೋಲಿನಂಥ ಹಗುರವಾದ ಫೋಮ್, ಮೇಲೊಂದು ಕೆಳಗೊಂದು ತೆಳು ಪದರ ಸಾಕು. ಮಾದರಿ ವಿಮಾನದ ರೆಕ್ಕೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ರೆಸಿನ್ ಹೆಚ್ಚಾದರೆ ಗಟ್ಟಿ ಎಂಬ ನಂಬಿಕೆ ಎಲ್ಲೆಡೆ ಇದೆ. ಹೆಚ್ಚಾದದ್ದು ಬರೀ ತೂಕ. ಕೈಯಲ್ಲಿ ಹಚ್ಚುವಾಗ ಬಟ್ಟೆ ಎಷ್ಟು ತೂಗುತ್ತದೋ ಅಷ್ಟೇ ರೆಸಿನ್ ಎಂಬುದು ವಾಡಿಕೆಯ ಅಳತೆ. ಇದನ್ನೂ ಇಳಿಸಬೇಕೆಂದರೆ ಇಡೀ ಕೆಲಸವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಗಾಳಿ ಹೀರಬೇಕು. ಗುಜರಿ ಅಂಗಡಿಯ ಹಳೆಯ ಫ್ರಿಜ್ಜಿನ ಕಂಪ್ರೆಸರಿನಿಂದ ಪಂಪು ಮಾಡಿಕೊಂಡವರಿದ್ದಾರೆ. ಹೊರಗಿನ ವಾಯುಮಂಡಲವೇ ಆಗ ಪದರಗಳನ್ನು ಒತ್ತುತ್ತದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಮಂಗಳೂರಿನಲ್ಲಿ ಸಿಗುವ ಒತ್ತಡದ ಹತ್ತರಲ್ಲಿ ಒಂಬತ್ತು ಪಾಲಷ್ಟೇ ಇಲ್ಲಿ ಸಿಗುತ್ತದೆ. ಅಷ್ಟಾದರೂ ಕಡಿಮೆಯೇನಲ್ಲ, ಗಾಳಿ ಪೂರ್ತಿ ಹೊರಟರೆ ಎ4 ಹಾಳೆಯಷ್ಟು ಜಾಗದ ಮೇಲೆ ಐನೂರೈವತ್ತು ಕಿಲೋಗೂ ಮಿಕ್ಕ ಭಾರ. ವಿಮಾನದ ಭಾಗಗಳಿಗೆ ಇದು ಸಾಲದು. ತೇಜಸ್ ವಿಮಾನದ ಕಾಂಪೋಸಿಟ್ ಭಾಗಗಳಂಥವನ್ನು ವಾಯುಮಂಡಲದ ಹಲವು ಪಟ್ಟು ಒತ್ತಡವಿರುವ ಆಟೋಕ್ಲೇವ್ ಎಂಬ ಮುಚ್ಚಿದ ಕುಲುಮೆಯಲ್ಲಿ ಕಾಯಿಸಿ ಗಟ್ಟಿಮಾಡುತ್ತಾರೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಈ ಭಾಗದ ಐಟಿಐ ಹುಡುಗರಿಗೆ ಇಂಥ ವಿದ್ಯೆಯ ಮೇಲೆ ಕುತೂಹಲ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಬಯಲುಸೀಮೆಯ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಎಪಾಕ್ಸಿ ಸರಿಸುಮಾರು ಇಮ್ಮಡಿ ವೇಗದಲ್ಲಿ ಗಟ್ಟಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಲೋಟದ ತುಂಬ ಬೆರೆಸಿಟ್ಟರೆ ಕ್ರಿಯೆಯ ಶಾಖ ಹೊರಗೆ ಹೋಗಲಾರದೆ ಲೋಟವೇ ಕರಗಿ ಹೊಗೆಯಾಡೀತು; ಅಗಲವಾದ ತಟ್ಟೆಗೆ ತೆಳ್ಳಗೆ ಸುರಿದುಕೊಂಡರೆ ಆ ಭಯವಿಲ್ಲ. ಗಟ್ಟಿಯಾದ ಮೇಲೂ ಬಿಸಿಲಿನ ಕಾಟ ತಪ್ಪಿದ್ದಲ್ಲ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾದ ಸಾಧಾರಣ ಎಪಾಕ್ಸಿ 50–60 ಡಿಗ್ರಿಯ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಮಟಮಟ ಮಧ್ಯಾಹ್ನ ಕಪ್ಪು ಹಲಗೆ ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಹಂತಹಂತವಾಗಿ ಕಾಯಿಸಿ ಇನ್ನಷ್ಟು ಹದಗೊಳಿಸುವುದು ಒಳ್ಳೆಯದು. ಇಲ್ಲವೇ ಬಿಳಿ ಬಣ್ಣ ಬಳಿಯಿರಿ, ಚಂದಕ್ಕಿಂತ ಬಾಳಿಕೆ ಮುಖ್ಯ.

ಕತ್ತರಿಸುವಾಗ, ಉಜ್ಜುವಾಗ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ಉಜ್ಜಿ, ಎನ್95 ಮಾಸ್ಕ್ ಧರಿಸಿ. ಬರಿಗೈಯಲ್ಲಿ ಎಪಾಕ್ಸಿ ಮುಟ್ಟುವುದನ್ನು ರೂಢಿ ಮಾಡಿಕೊಂಡರೆ ಒಂದು ದಿನ ಚರ್ಮಕ್ಕೆ ಅಲರ್ಜಿ ಹತ್ತಬಹುದು, ಹತ್ತಿದ ಮೇಲೆ ಬಿಡುವುದಿಲ್ಲ; ನೈಟ್ರೈಲ್ ಕೈಗವಸು ಇರಲಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಹಾಗಾಗಿ ಅದರ ದೂಳು ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರಬಾರದು. ಡ್ರೋನಿನ ಆಂಟೆನಾವನ್ನು ಕಾರ್ಬನ್ ಚೌಕಟ್ಟಿನ ಮರೆಯಲ್ಲಿಟ್ಟರೆ ಸಂಕೇತವೂ ಕುಗ್ಗುತ್ತದೆ. ಅಲ್ಯುಮಿನಿಯಂ ಬೋಲ್ಟನ್ನು ಕಾರ್ಬನ್‌ಗೆ ನೇರವಾಗಿ ಬಿಗಿದರೆ ತೇವದಲ್ಲಿ ಅಲ್ಯುಮಿನಿಯಂ ಕೊರೆದುಹೋಗುತ್ತದೆ. ನಡುವೆ ಗಾಜಿನ ಬಟ್ಟೆಯ ಒಂದು ಪದರ ಹಾಕುವುದು ರೂಢಿ.

ಮುಗಿದ ಹಲಗೆಯನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಪದರಗಳು ಕೂಡಿಕೊಂಡಿದ್ದರೆ ಖಣಖಣ ಸದ್ದು, ಬಿಟ್ಟುಕೊಂಡಿದ್ದರೆ ಡಬ್ಬೆನ್ನುವ ಸದ್ದು. ವಿಮಾನದ ಭಾಗಗಳನ್ನೂ ಹೀಗೆ ತಟ್ಟಿ ನೋಡುವ ಪದ್ಧತಿಯಿದೆ. ಆದರೆ ಈ ಪರೀಕ್ಷೆಗೆ ಸಿಗದ ದೋಷಗಳೂ ಇರುತ್ತವೆ. ಉಕ್ಕು ಮುರಿಯುವ ಮುನ್ನ ಸಾಮಾನ್ಯವಾಗಿ ಬಾಗಿ ಸುಳಿವು ಕೊಡುತ್ತದೆ, ಕಾರ್ಬನ್ ಶೇಕಡಾ ಒಂದೂವರೆಯಷ್ಟು ಹಿಗ್ಗುವಷ್ಟರಲ್ಲಿ ಫಟ್ಟನೆ ತುಂಡಾಗುತ್ತದೆ. ಗಾಳಿಪಟದ ಕಡ್ಡಿ, ಕ್ಯಾಮೆರಾ ಹಿಡಿಯುವ ತೋಳು, ಮಾದರಿ ವಿಮಾನದ ರೆಕ್ಕೆ, ಪೆಟ್ಟಿಗೆಯ ಮುಚ್ಚಳ ಇವನ್ನೆಲ್ಲ ಧೈರ್ಯವಾಗಿ ಮನೆಯಲ್ಲೇ ಮಾಡಿ. ನಂದಿ ಬೆಟ್ಟದ ತಿರುವುಗಳಲ್ಲಿ ಇಳಿಯುವ ಸೈಕಲ್ಲಿನ ಫೋರ್ಕನ್ನು, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲನ್ನು ಮಾತ್ರ, ಪರೀಕ್ಷೆಗೊಳಪಟ್ಟದ್ದನ್ನೇ ನೋಡಿ ಅಂಗಡಿಯಿಂದ ತನ್ನಿ.